ಮೇಸ್ತ್ರಿ ಹಾಕಿದ ಎರಡು ಸ್ಕ್ರೂ

ಮೊನ್ನೆ ಬೆಳಿಗ್ಗೆ ಚಟ್ನಿ ರುಬ್ಬುವಾಗ ನಮ್ಮ ಮನೆಯ ಮಿಕ್ಸಿಯ ಪ್ಲಗ್ ಸುಟ್ಟಿತು. ಹೆಂಡತಿ ಸ್ವಿಚ್ ಆರಿಸಿ, ಕಿಟಕಿ ತೆಗೆದು, ತನ್ನ ಪಾಡಿಗೆ ಒಗ್ಗರಣೆಗೆ ಇಟ್ಟಳು. ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇವತ್ತಿಗೂ ನನಗೆ ಮರಳೂರಿನ ಮೇಸ್ತ್ರಿ ನೆನಪಾಗುತ್ತಾರೆ. ನೆನಪಾಗುತ್ತಾರೆ ಎನ್ನುವುದು ಮರ್ಯಾದೆಯ ಮಾತಾಯಿತು. ನಿಜ ಹೇಳಬೇಕೆಂದರೆ ಮೈಯೆಲ್ಲ ಉರಿಯುತ್ತದೆ, ಅದೂ ನನ್ನ ಮೇಲೆಯೇ.

ತುಮಕೂರಿನ ಅಂಚಿನ ಮರಳೂರಿನಲ್ಲಿ ಒಂದು ಪಂಕ್ಚರ್ ಅಂಗಡಿಯ ಪಕ್ಕ ಅವರದು ತಗಡಿನ ಶೆಡ್ಡು. ಕಾರುಗಳ ವೈರಿಂಗು, ಲೈಟು, ಬ್ಯಾಟರಿ ಕೆಲಸ. ಕೋರ ಹೋಬಳಿಯ ಕಡೆಯವರು, ಐವತ್ತು ದಾಟಿದ ಸಣಕಲು ಮನುಷ್ಯ. ಒಂದು ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬೆರಳಲ್ಲಿ ಹಿಡಿದುಕೊಂಡೇ ಹೋಗಿ ನೋಡುವ ತನಕ ಕಟಿಂಗ್ ಪ್ಲೇಯರ್ ಮುಟ್ಟುತ್ತಿರಲಿಲ್ಲ. ಬೇಗ ಮುಗಿಸಿ ಎಂದು ಅವಸರ ಮಾಡಿದರೆ ಬೀಡಿ ಹಚ್ಚಿ ಕೂತುಬಿಡುತ್ತಿದ್ದರು...

ನಾನಾಗ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಹಳೆಯ ಫಾರಿನ್ ಕಾರು ತಗೊಂಡಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಅಂಥ ಕಾರು ಯಾಕೆ ಬೇಕಿತ್ತೋ! ಶುದ್ಧ ಜಂಬ, ಇನ್ನೇನಲ್ಲ. ಆ ಕಾರಿಗೆ ತನ್ನ ಬಲ್ಬುಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಬುದ್ಧಿಯಿತ್ತು. ಯಾವುದಾದರೂ ಒಂದು ಬಲ್ಬ್ ಹೋದರೆ ಸ್ಟಿಯರಿಂಗಿನ ಮುಂದೆ ಹಳದಿ ಬಲ್ಬಿನ ಚಿತ್ರ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ಲೈಟುಗಳಿಗೆ ಎಲ್ಇಡಿ ಬಲ್ಬ್ ತಂದು ನಾನೇ ಹಾಕಿಕೊಂಡೆ. ಬೆಳಕು ಝಗಮಗ ಎನ್ನುತ್ತಿತ್ತು, ಹಳದಿ ಚಿತ್ರ ಮಾತ್ರ ಆರಲೇ ಇಲ್ಲ. ಮೇಸ್ತ್ರಿಯ ಹತ್ತಿರ ಹೋದೆ.

"ಬಲ್ಬ್ ಸರ್ಯಾಗೇ ಐತೆ ಸಾರ್. ಎಲ್ಇಡಿ ಕರೆಂಟ್ ಕಮ್ಮಿ ಎಳೀತೈತೆ. ಕಮ್ಮಿ ಎಳೆದ್ರೆ ನಿಮ್ ಗಾಡಿ ಬಲ್ಬ್ ಸತ್ತೋಯ್ತು ಅಂದ್ಕಂತೈತೆ. ಹಳೇ ಬಲ್ಬೇ ಹಾಕ್ಬುಡಾನ ಬುಡಿ" ಅಂದರು.

ನಾನು ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಅವರು ಎರಡೂ ಕಡೆಯ ಲೈಟಿಗೆ ಒಂದೊಂದು ರೆಸಿಸ್ಟರ್ ಹಾಕಿದರು. ಬೆರಳುದ್ದದ ಬಂಗಾರದ ಬಣ್ಣದ ತುಂಡು. ಬಲ್ಬು ಎಳೆಯದ ಕರೆಂಟನ್ನು ಅದು ಎಳೆದುಕೊಂಡು ಸುಮ್ಮನೆ ಬಿಸಿಯಾಗುತ್ತಾ ಕೂರುತ್ತದೆ, ಕಾರು ಹಳೆಯ ಬಲ್ಬೇ ಇದೆ ಎಂದು ನಂಬುತ್ತದೆ. ಡಿಕ್ಕಿಯ ಪಕ್ಕದ ಬಟ್ಟೆ ಬಿಚ್ಚಿ, ಒಳಗಿನ ತಗಡಿಗೆ ತೂತು ಹೊಡೆದು, ಒಂದೊಂದಕ್ಕೂ ಎರಡೆರಡು ಸ್ಕ್ರೂ ಬಿಗಿದರು. ಆಮೇಲೆ ಹತ್ತು ನಿಮಿಷ ಲೈಟು ಉರಿಸಿಟ್ಟು ನನ್ನನ್ನು ಕರೆದರು.

"ಬನ್ನಿ ಸಾರ್, ಮುಟ್ಟಿ ನೋಡಿ."

ರೆಸಿಸ್ಟರ್ ಹಾಕಿಸಿಕೊಂಡ ಯಾರನ್ನೂ ಅವರು ಮುಟ್ಟಿಸದೆ ಕಳಿಸುತ್ತಿರಲಿಲ್ಲವಂತೆ. ಬೆರಳು ಚುರ್ ಎಂದಿತು. "ಗೊತ್ತಾಯ್ತಲ್ಲ? ಇದು ತಗಡಿನ್ ಮೇಲೇ ಇರ್ಬೇಕು. ಯಾರಾದ್ರೂ ಬಿಚ್ಚಿದ್ರೆ ಮೊದ್ಲು ನಂತಾವ ಬನ್ನಿ" ಅಂದರು. ಆಯ್ತು ಮೇಸ್ತ್ರಿ ಎಂದು ತಲೆಯಾಡಿಸಿ ಬಂದೆ.

ತಿಂಗಳಾಗಿರಬೇಕು. ನನ್ನ ಬಾಮೈದ ಗುಬ್ಬಿಯಲ್ಲಿ ಕಾರುಗಳಿಗೆ ಸೀಟ್ ಕವರು, ಸ್ಪೀಕರು ಹಾಕುವ ಅಂಗಡಿ ತೆರೆದ. ಹೊಸ ಅಂಗಡಿ, ಮನೆಯವರೆಲ್ಲ ಬೆನ್ನು ತಟ್ಟಬೇಕಿತ್ತು. ನಾನೂ ಹೋಗಿ ಡಿಕ್ಕಿಗೆ ದೊಡ್ಡ ಸ್ಪೀಕರ್ ಪೆಟ್ಟಿಗೆ ಕೂರಿಸಿಕೊಂಡೆ. ಹೊರಡುವಾಗ ಅವನು, "ಒಳ್ಗಡೆ ಅದೇನೋ ಅಡ್ಡ ಬರ್ತಿತ್ತು ಭಾವ, ಒಂಚೂರು ಈಕಡೆ ಸರ್ಸಿದೀನಿ" ಅಂದ. ನಾನು ಹೂಂ ಅಂದೆ. ಹಾಡು ಜೋರಾಗಿ ಹಾಕಿಕೊಂಡು ತುಮಕೂರಿಗೆ ಬಂದೆ.

ಅದಾಗಿ ಸ್ವಲ್ಪ ದಿನಕ್ಕೆ ಕುಣಿಗಲ್‌ನಲ್ಲಿ ಒಂದು ಆರತಕ್ಷತೆ. ನಾನೂ ಹೆಂಡತಿಯೂ ವಾಪಸ್ ಹೊರಟಾಗ ಹೊತ್ತು ಮುಳುಗುತ್ತಿತ್ತು. ಲೈಟು ಹಾಕಿಕೊಂಡು ಅರ್ಧ ದಾರಿ ಬಂದಿರಬೇಕು, ಹಿಂದಿನಿಂದ ಸುಟ್ಟ ವಾಸನೆ ಬಂತು. ಗಾಡಿ ನಿಲ್ಲಿಸಿ ಡಿಕ್ಕಿ ಎತ್ತಿದರೆ ಹೊಗೆ. ಲೈಟು ಆರಿಸಿ, ಬಟ್ಟೆ ಕಿತ್ತೆಸೆದು, ಬಾಟಲಿ ನೀರು ಸುರಿದೆ. ಬಲಗಡೆಯ ರೆಸಿಸ್ಟರನ್ನು ಪ್ಲಾಸ್ಟಿಕ್ಕಿಗೆ ಟೇಪು ಸುತ್ತಿ ಅಂಟಿಸಲಾಗಿತ್ತು. ಪ್ಲಾಸ್ಟಿಕ್ ಕರಗಿ ಇಳಿದಿತ್ತು. ಮೇಸ್ತ್ರಿ ಹಾಕಿದ ಎರಡು ಸ್ಕ್ರೂ ತಗಡಿನಲ್ಲಿ ಹಾಗೇ ಇದ್ದವು, ಬರಿದಾಗಿ. ನಾನು ನೋಡಿದೆ. ಕಣ್ಣಾರೆ ನೋಡಿದೆ.

"ಯಾರ್ರೀ ಹಿಂಗ್ ಮಾಡಿದ್ದು?" ಎಂದು ಹೆಂಡತಿ ಕೇಳಿದಳು.

ನಿನ್ನ ತಮ್ಮ ಎನ್ನಬೇಕಿತ್ತು. ಅಂದಿದ್ದರೆ ಆ ಮನೆಗೂ ಈ ಮನೆಗೂ ಹತ್ತಿಕೊಳ್ಳುತ್ತಿತ್ತು. "ಇನ್ಯಾರು, ಆ ಮೇಸ್ತ್ರಿ" ಅಂದೆ. ಮೇಸ್ತ್ರಿ ನಮಗೆ ನೆಂಟನೇ, ಇಷ್ಟನೇ...

ರಸ್ತೆ ಬದಿಯಲ್ಲಿ ಹೇಳಿದ ಸುಳ್ಳು ಅಲ್ಲಿಗೇ ಮುಗಿಯಲಿಲ್ಲ. ಮೇಸ್ತ್ರಿಯನ್ನು ಸುಮ್ಮನೆ ಬಿಡಬೇಡಿ ಎಂದು ಹೆಂಡತಿ ಮಾರನೆಯ ದಿನ ಜೊತೆಯಲ್ಲೇ ಬಂದಳು. ಶೆಡ್ಡಿನ ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಅಲ್ಲಿಯವರೆಗೆ "ಏನ್ರೀ ಮೇಸ್ತ್ರಿ" ಅನ್ನುತ್ತಿದ್ದವನು ಅವತ್ತು "ಏನಯ್ಯಾ" ಅಂದೆ. ಬಾಯಿಗೆ ಬಂದ ಹಾಗೆ ಬೈದೆ. ಅವರು ಡಿಕ್ಕಿಯೊಳಗೆ ಬಗ್ಗಿ, ಸ್ಕ್ರೂಗಳ ಮೇಲೆ ಬೆರಳಿಟ್ಟರು.

"ನಾನ್ ಹಾಕಿದ್ ಸ್ಕ್ರೂ ಇಲ್ಲೇ ಅವೆ ಸಾರ್. ಟೇಪು ನಂದಲ್ಲ. ಅವತ್ತು ನೀವೇ ಮುಟ್ಟಿ ನೋಡಿದ್ರಲ್ಲ, ಇವ್ರಿಗೆ ಒಂದ್ ಮಾತು ಹೇಳ್ಬುಡಿ."

ಅವರು ಕೇಳಿದ್ದು ಅಷ್ಟೇ. ಕಾರಿಗೆ ಒರಗಿ ನಿಂತ ಹೆಂಡತಿಯನ್ನು ನೋಡಿದೆ. "ನಾನೇನೂ ಮುಟ್ಟಿಲ್ಲ, ನೀನೇನೂ ತೋರ್ಸಿಲ್ಲ" ಅಂದೆ. ಮೇಸ್ತ್ರಿ ಕೈ ಒರೆಸಿಕೊಂಡು ಒಳಗೆ ಹೋದರು.

ಅಷ್ಟಕ್ಕೇ ನನಗೆ ತೃಪ್ತಿಯಾಗಲಿಲ್ಲ. ತುಮಕೂರಿನ ಹಳೆಯ ಕಾರಿನವರದೊಂದು ವಾಟ್ಸಾಪ್ ಗ್ರೂಪಿತ್ತು. ಕರಗಿದ ಪ್ಲಾಸ್ಟಿಕ್ಕಿನ ಫೋಟೊ ಹಾಕಿ, "ಮರಳೂರು ಪಂಕ್ಚರ್ ಅಂಗಡಿ ಪಕ್ಕದ ಶೆಡ್, ಯಾರೂ ಹೋಗಬೇಡಿ, ಜೀವಕ್ಕೇ ಅಪಾಯ" ಎಂದು ಬರೆದೆ. ಅದು ಇನ್ನೂ ಹತ್ತು ಗ್ರೂಪುಗಳಿಗೆ ಹೋಯಿತು. ಕೆಲವೇ ತಿಂಗಳಲ್ಲಿ ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಲ್ಲುತ್ತಿರಲಿಲ್ಲ. ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಹೋದ ವರ್ಷ ಟೈರಿಗೆ ಮೊಳೆ ಚುಚ್ಚಿ ಅದೇ ಪಂಕ್ಚರ್ ಅಂಗಡಿಗೆ ಹೋಗಬೇಕಾಯಿತು. ಪಕ್ಕದಲ್ಲಿ ಶೆಡ್ಡಿರಲಿಲ್ಲ, ಮೂರಂತಸ್ತಿನ ಕಟ್ಟಡ ಎದ್ದಿತ್ತು. ಕೇಳಿದೆ. "ಅಯ್ಯೋ, ಅವ್ರು ಹಿರೇಹಳ್ಳಿ ಫ್ಯಾಕ್ಟ್ರೀಲಿ ಗೇಟ್ ಕಾಯ್ಕಂಡಿದ್ರು ಸಾರ್. ವೈರ್ ಹಿಡ್ದಿದ್ ಕೈ, ಕೋಲ್ ಹಿಡ್ಕಂಡ್ ನಿಂತಿದ್ರು. ತೀರ್ಕಂಡು ಆರ್ ತಿಂಗ್ಳಾಯ್ತು" ಎಂದು ಅಂಗಡಿಯವನು ನನ್ನನ್ನು ದಿಟ್ಟಿಸಿದ. "ಡಿಕ್ಕಿ ಸುಟ್ಟಿದ್ ಕಾರು... ನಿಮ್ದೇ ಅಲ್ವಾ ಸಾರ್?"

"ನಂದಲ್ಲಪ್ಪ" ಅಂದೆ. ಅದೇ ಜಾಗದಲ್ಲಿ ನಿಂತು, ಎರಡನೆಯ ಸಲ.

ಮೊನ್ನೆ ಮಿಕ್ಸಿ ಸುಟ್ಟ ದಿನ ಕೂತು ಆ ಗ್ರೂಪಿಗೆ ಬರೆದೆ. ಮರಳೂರಿನ ಮೇಸ್ತ್ರಿಯ ತಪ್ಪೇನೂ ಇರಲಿಲ್ಲ, ನಾನು ಹಾಕಿದ್ದು ಸುಳ್ಳು ಎಂದು. ಯಾರ ತಪ್ಪು ಎನ್ನುವುದನ್ನು ಆಗಲೂ ಬರೆಯಲಿಲ್ಲ, ಅಷ್ಟೊಂದು ಧೈರ್ಯ ನನಗಿನ್ನೂ ಬಂದಿಲ್ಲ. ಸುಮಾರು ಹೊತ್ತಿನ ಮೇಲೆ ಹೊಸ ಸದಸ್ಯನೊಬ್ಬ ಕೇಳಿದ: "ಯಾವ ಮೇಸ್ತ್ರಿ ಸಾರ್? ಹೆಸರೇನು?"

ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ. ಆ ಶೆಡ್ಡಿನ ಗುರುತು ಹೇಳೋಣವೆಂದರೆ ಅದೂ ಉಳಿದಿರಲಿಲ್ಲ. ನಾನು ಉತ್ತರ ಬರೆಯುವಷ್ಟರಲ್ಲಿ ಯಾರೋ ಟೈರಿನ ಆಫರ್ ಹಾಕಿದರು, ಎಲ್ಲರೂ ಅದರ ಬಗ್ಗೆ ವಿಚಾರಿಸತೊಡಗಿದರು.