ಬೀಗದ ಮನೆಯನ್ನು ಬಳಸಿ ಹೋದ ವೈರು

ಹೊಳೆ ಕಡೆಯಿಂದ ಬಂದ ಮಂಜು ಟಿ. ನರಸೀಪುರದ ಹೆಂಚುಗಳ ಮೇಲಿಂದ ಇನ್ನೂ ಎದ್ದಿಲ್ಲ. ಚನ್ನಾಜಮ್ಮನವರ ಮನೆಯ ಪಡಸಾಲೆಯಲ್ಲಿ ಜಗನ್ ಮಂಡಿಯೂರಿ ಕೂತು ಅಂಗೈ ಅಗಲದ ಒಂದು ಡಬ್ಬಿಯನ್ನೇ ನೋಡುತ್ತಿದ್ದಾರೆ. ಡಬ್ಬಿಯ ಮುಖದಲ್ಲಿ ಸಾಲಾಗಿ ಪುಟ್ಟ ಹಸಿರು ದೀಪಗಳು. ಒಂದು ಮಾತ್ರ ಆರಿದೆ. ಅದರ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗುತ್ತಾರೆ.

"ಮೂಲೆ ಮನೆ ಸಾ. ಮೇನ್ ಆರ್ಸ್ಬುಟ್ಟು ಓಗವ್ರೆ."

ಅಷ್ಟರಲ್ಲಿ ಗೇಟು ಕಿರುಗುಟ್ಟುತ್ತದೆ. ಹಿಂದಿನ ಕೇರಿಯ ಗಾರೆ ಕೆಲಸದ ಹುಚ್ಚಯ್ಯ, ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ ಹಿಡಿದುಕೊಂಡು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ. "ಜಗ, ಕವ್ನಂದು ನೆಟ್ಟು ನಿಂತೋಗದೆ ಕಣಪ್ಪ. ಕೂಸು ಅಳ್ತಾ ಕುಂತದೆ."

ಕವನ ಹುಚ್ಚಯ್ಯನವರ ಮಗಳು. ಬಿ.ಎ. ಮುಗಿಸಿ, ಮೈಸೂರಿನಲ್ಲಿ ಆರು ತಿಂಗಳು ತರಬೇತಿ ಪಡೆದು, ಈಗ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಎಲ್ಲೋ ಸಮುದ್ರದಾಚೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದು ಧ್ವನಿಯಾಗಿ ಬರುತ್ತದೆ. ಅದನ್ನು ಸಂಜೆಯೇ ಇಳಿಸಿಕೊಂಡು, ರಾತ್ರಿ ಕಿವಿಗೊಟ್ಟು ಕೇಳಿ, ಟೈಪು ಮಾಡಿ, ಬೆಳಿಗ್ಗೆ ಏಳೂವರೆಯೊಳಗೆ ಮೈಸೂರಿನ ಕಂಪನಿಗೆ ಕಳಿಸಬೇಕು. ಈ ತಿಂಗಳು ಕರೆಂಟಿನ ಕಾಟದಿಂದ ಎರಡು ಸಲ ತಡವಾಗಿದೆ. ಮೂರನೆಯ ಸಲವಾದರೆ ಕೆಲಸ ಬೇರೆಯವರಿಗೆ ಎಂದು ಕಂಪನಿ ಹೇಳಿಬಿಟ್ಟಿದೆ. ಚನ್ನಾಜಮ್ಮನವರ ಗೋಡೆ ಗಡಿಯಾರದಲ್ಲಿ ಆರು ದಾಟಿದೆ.

ಭಾನುವಾರದ ಪುರವಣಿಗೆ ಒಂದು ಲೇಖನ ಬರೆಯೋಣವೆಂದು ನಿಧಾನವಾಗಿ ಕಾಫಿ ಕುಡಿಯುತ್ತ ಕೂತಿದ್ದ ನನಗೆ ಲೋಟ ಕೆಳಗಿಡುವುದೂ ಮರೆತುಹೋಗುತ್ತದೆ.

ನೆಟ್ ಜಗಣ್ಣ ಎಂದೇ ಈ ಬೀದಿ ಕರೆಯುವ ಜಗನ್ ಮಾಡುವ ಕೆಲಸಕ್ಕೆ ಸರ್ಕಾರದ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಬ್ರಾಡ್‌ಬ್ಯಾಂಡ್ ಇರುವುದು ಒಂದೇ ಮನೆಗೆ, ಚನ್ನಾಜಮ್ಮನವರ ಫೋನಿಗೆ. ಅಲ್ಲಿಂದ ಜಗನ್ ಎಳೆದ ನೀಲಿ ವೈರು ಗೋಡೆ ಹತ್ತಿ, ಸೂರು ಸವರಿ, ಒಂಬತ್ತು ಮನೆಗಳ ಕಂಪ್ಯೂಟರುಗಳನ್ನು ಮುಟ್ಟಿದೆ. ಹೀಗೆ ಬೀದಿಗೆಲ್ಲ ಹಂಚುವುದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂದು ಕೇಳಿದರೆ ಚನ್ನಾಜಮ್ಮ ಸಿಡುಕುತ್ತಾರೆ. "ನಮ್ಮನೆ ಸಾರು ನಾಕ್ ಮನೆಗೆ ಕೊಟ್ರೆ ಯಾವ ಕಾನೂನ್ ಕೇಳ್ತದೆ, ಏಳಪ್ಪ ನೀನೇ." ಕಾನೂನು ಬಲ್ಲವರು ಆ ಅಮ್ಮನನ್ನೇ ವಿಚಾರಿಸಿಕೊಳ್ಳಲಿ.

ವೈರು ಎಳೆದರೆ ಮುಗಿಯಿತೆಂದುಕೊಳ್ಳಬೇಡಿ. ಅದರಲ್ಲಿ ಹರಿಯುವ ಸಂಗತಿಗೆ ನೂರು ಮೀಟರಿನಷ್ಟೇ ದಮ್ಮು. ಆಮೇಲೆ ಇನ್ನೊಂದು ಡಬ್ಬಿ ಕೂರಿಸಿ ಮುಂದಕ್ಕೆ ತಳ್ಳಬೇಕು. ಡಬ್ಬಿಗೆ ಬೇಕಾದ ಕರೆಂಟು ಅದು ಕೂತ ಮನೆಯದು. ಆ ಮನೆಯವರು ಬೀಗ ಹಾಕಿ, ಮೇನ್ ಆರಿಸಿ ಊರಿಗೆ ಹೊರಟರೆ ಅವರ ಹಿಂದಿನ ಮನೆಗಳಿಗೆಲ್ಲ ನೆಟ್ಟು ಇಲ್ಲ. ಅದಕ್ಕೇ ಈ ಬೀದಿಯಲ್ಲಿ ಒಂದು ರೂಢಿ ಬೆಳೆದಿದೆ. ಮದುವೆಗೋ ಸಾವಿಗೋ ಹೊರಡುವವರು ಬೀಗದ ಕೈಯನ್ನು ಜಗನ್ ಕೈಗೆ ಕೊಟ್ಟು ಹೋಗುತ್ತಾರೆ. ಡಬ್ಬಿ ಕೂತ ಮನೆಗಳಲ್ಲಿ ಕೊಡದವರು ಒಬ್ಬರೇ, ಮೂಲೆ ಮನೆಯ ಶಿವಮಲ್ಲಪ್ಪನವರು. ಕೇರಿಯ ನಾಲ್ಕು ಮನೆಗಳಿಗೆ ವೈರು ಹೋಗುವುದು ಅವರ ಮನೆಯ ಡಬ್ಬಿಯಿಂದಲೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇದೇ ಅದು.

"ನಿಮಗೆ ಯಾಕೆ ಕೀ ಕೊಡುವುದಿಲ್ಲ ಅವರು?" ಎಂದು ಕೇಳುತ್ತೇನೆ.

ಜಗನ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳುತ್ತಾರೆ. "ಅದೇನೋ ಸಾ, ಅವ್ರಿಗೆ ಅಭ್ಯಾಸ ಇಲ್ಲ."

ಜಗನ್ ಅವರ ಮನೆಯೂ ಹಿಂದಿನ ಕೇರಿಯಲ್ಲೇ. ಅಭ್ಯಾಸ ಯಾವುದೆಂದು ನಾನೂ ಬಲ್ಲೆ, ನೀವೂ ಬಲ್ಲಿರಿ. ನನಗೆ ಮೈ ಉರಿಯುತ್ತದೆ. ಜಗನ್ ಮಾತ್ರ ಫೋನು ತೆಗೆದು ಶಿವಮಲ್ಲಪ್ಪನವರ ನಂಬರು ಒತ್ತುತ್ತಿದ್ದಾರೆ. ನಂಜನಗೂಡಿನಲ್ಲಿ ತಮ್ಮನ ಮಗನ ನಿಶ್ಚಿತಾರ್ಥಕ್ಕೆಂದು ಅವರು ನಿನ್ನೆ ರಾತ್ರಿ ಕೊನೆ ಬಸ್ಸಿಗೆ ಮನೆಮಂದಿಯೊಂದಿಗೆ ಹೋಗಿದ್ದಾರೆ. ಫೋನು ಬಾರಿಸಿ ಬಾರಿಸಿ ಸುಮ್ಮನಾಗುತ್ತದೆ. ಇನ್ನೊಮ್ಮೆ ಒತ್ತುತ್ತಾರೆ. ಅದೇ ಕಥೆ.

"ಕಂಪ್ಯೂಟರ್ ಡಬ್ಬಾನೇ ಇಲ್ಲಿಗೆ ಎತ್ಕಬರ್ಲಾ?" ಹುಚ್ಚಯ್ಯ ಕೇಳುತ್ತಾರೆ.

"ಬ್ಯಾಡ ಮಾವ. ಓದ್ಸಲ ಎತ್ತಾಡಿ ಒಳಗಿನ್ ಡಿಸ್ಕೇ ಓಯ್ತು. ವಾರ ಕೆಲ್ಸ ನಿಂತಿತ್ತು, ಮರ್ತ್ಬುಟ್ಟಾ?" ಪೆನ್ ಡ್ರೈವಿಗೆ ಹಾಕಿ ತರೋಣವೆಂದರೆ ಕಂಪನಿ ಅದನ್ನು ಚುಚ್ಚುವ ಕಿಂಡಿಗೇ ಸೀಲು ಹಾಕಿದೆ. ರೋಗಿಗಳ ಗುಟ್ಟು ಹೊರಗೆ ಹೋಗಬಾರದಂತೆ. ಉಳಿದಿರುವುದು ಒಂದೇ ದಾರಿ, ಮೂಲೆ ಮನೆಯನ್ನು ಬಿಟ್ಟು ಇಲ್ಲಿಂದ ನೇರ ಕವನ ಅವರ ಮನೆಗೆ ಹೊಸ ವೈರು.

ಜಗನ್ ಮಂಚದ ಕೆಳಗಿನಿಂದ ಎರಡು ಸುರುಳಿ ಎಳೆಯುತ್ತಾರೆ. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಹಳೆಯ ಕೆಲಸಗಳಲ್ಲಿ ಮಿಕ್ಕ ತುಂಡುಗಳು. ವೈರಿನ ಮೈಮೇಲೆ ಅಚ್ಚಾದ ಮೀಟರಿನ ಅಂಕಿಗಳನ್ನು ಓದಿ ಮನಸ್ಸಿನಲ್ಲೇ ಕೂಡುತ್ತಾರೆ.

"ಶಿವಮಲ್ಲಪ್ಪನವರ ಮಾಳಿಗೆ ಮೇಲೆ ಹಾಸಿದರೆ ದೊಡ್ಡ ಸುರುಳಿ ಒಂದೇ ಸಾಕಲ್ಲ. ಮನೆಯಲ್ಲಿ ಯಾರೂ ಇಲ್ಲ, ಹತ್ತಿ ಇಳಿಯಿರಿ" ಎನ್ನುತ್ತೇನೆ. ನನ್ನ ಕಣ್ಣೆಲ್ಲ ಗಡಿಯಾರದ ಮೇಲೆ.

ಜಗನ್ ನನ್ನನ್ನು ನೋಡುವ ರೀತಿಯಲ್ಲಿ ಸಿಟ್ಟಿಲ್ಲ, ಕನಿಕರವಿದೆ. "ಯಾರೂ ಇಲ್ಲ ಅಂತ್ಲೇ ಅತ್ಬಾರ್ದು ಸಾ. ನಾಳೀಕೆ ಒಂದ್ ತಂಬ್ಗೆ ಕಾಣೆ ಆದ್ರೂ ಕೇರಿಯವ್ರು ಮಾಳಿಗೆ ಅತ್ತಿದ್ರು ಅಂತಾರೆ. ಆಗ ಓಗೋದು ನನ್ನ ಲೈನ್ ಒಂದಲ್ಲ."

ಹಾಗಾಗಿ ಸುತ್ತು ದಾರಿ. ಚನ್ನಾಜಮ್ಮನವರ ಹಿತ್ತಿಲಿಂದ ಹೊರಟು, ಓಣಿಯ ಹೊಂಗೆ ಮರ ಹಿಡಿದು, ಅಲ್ಲಿಂದ ಕವನ ಅವರ ಸೂರಿಗೆ. ಎರಡೂ ಸುರುಳಿ ಪೂರಾ ಬೇಕು. ನಡುವೆ ಒಂದು ಗಂಟು ಬೇರೆ. ನೂರು ಮೀಟರು ತುಂಬಿಯೇಬಿಡುತ್ತದೆ. ಕೊನೆಯಲ್ಲಿ ದೀಪ ಹತ್ತೀತೋ ಇಲ್ಲವೋ, ಕಟ್ಟಿ ನೋಡಿದ ಮೇಲೆಯೇ ಗೊತ್ತು.

ಮರ ಹತ್ತುವುದು ಅವರಿಗೆ ಹೊಸದಲ್ಲ. ಹುಟ್ಟಿದ್ದು ಮೂಗೂರಿನಲ್ಲಿ. ಶಾಲೆ ಬಿಟ್ಟ ಮೇಲೆ ತೊಂಬತ್ತರ ದಶಕದಲ್ಲಿ ನಂಜನಗೂಡಿಗೆ ಹೋಗಿ ಕೇಬಲ್ ಟೀವಿಯವರ ಹತ್ತಿರ ಕಂಬ ಹತ್ತುವ ಕೆಲಸಕ್ಕೆ ಸೇರಿದರು. ಮಳೆ ಬಂದರೆ ಸೀರಿಯಲ್ ನಿಂತು ಮನೆಮನೆಯಿಂದ ಬೈಗುಳ. ಒಮ್ಮೆ ಕಂಬದಿಂದ ಬಿದ್ದು ಎಡಗೈ ಮುರಿಯಿತು. ಅದು ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಕೈ ಕೂಡುವವರೆಗೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಸ ಗುಡಿಸುತ್ತ, ಅಲ್ಲಿನ ಮೇಷ್ಟ್ರು ವೈರಿನ ತುದಿ ಕಟ್ಟುವುದನ್ನು ನೋಡಿ ಕಲಿತರು. ಎರಡು ವರ್ಷದ ಹಿಂದೆ ಇಲ್ಲಿಗೆ ಬ್ರಾಡ್‌ಬ್ಯಾಂಡ್ ಬಂದಾಗ ಚನ್ನಾಜಮ್ಮನವರನ್ನು ಒಪ್ಪಿಸಿ ಮೊದಲ ವೈರು ಎಳೆದರು. ಮೈಸೂರಿನಲ್ಲಿ ಹಾಸ್ಟೆಲ್ ಹುಡುಕುತ್ತಿದ್ದ ಕವನ ಅವರಿಗೆ, ಊರಲ್ಲೇ ಇರವ್ವ, ನೆಟ್ ನಾನ್ ಕೊಡ್ತೀನಿ ಎಂದು ಮಾತು ಕೊಟ್ಟವರೂ ಇವರೇ. ಇವತ್ತು ಹೊಂಗೆ ಮರದ ಬುಡದಲ್ಲಿ ಚಪ್ಪಲಿ ಬಿಡುವಾಗ ಆ ಮಾತು ಅವರ ಮುಖದ ಮೇಲೆಯೇ ಇದೆ.

ಮಂಜಿಗೆ ತೊಗಟೆ ನೆನೆದು ಜಾರುತ್ತಿದೆ. ಕೊಂಬೆಗಳ ನಡುವೆಯೇ ಮನೆಗಳಿಗೆ ಹೋಗುವ ಕರೆಂಟಿನ ವೈರು ಹಾದಿದೆ. ಕೆಳಗೆ ಸುರುಳಿ ಬಿಚ್ಚುತ್ತ ನಿಂತ ನಾನು ವೈರನ್ನು ಬಿಗಿಯಾಗಿ ಹಿಡಿಯುತ್ತೇನೆ. "ಬಿಗಿ ಇಡೀಬ್ಯಾಡಿ ಸಾ, ಸಡ್ಲ ಬುಡಿ" ಎಂದು ಮೇಲಿನಿಂದ ಗದರುತ್ತಾರೆ. ಬಲಗೈಯಲ್ಲಿ ಕೊಂಬೆ, ಹಲ್ಲಿನಲ್ಲಿ ವೈರು. ಎಡಗಾಲು ಸರ್ರೆಂದು ಜಾರುತ್ತದೆ. "ಶಿವನೇ!" ಎಂದು ಚನ್ನಾಜಮ್ಮ ಹಿತ್ತಿಲಲ್ಲಿ ಕೂಗಿಕೊಳ್ಳುತ್ತಾರೆ. ಹುಚ್ಚಯ್ಯ ಎರಡೂ ಕೈ ಚಾಚಿ ಮರದ ಕೆಳಗೆ ಓಡುತ್ತಾರೆ, ಬಿದ್ದರೆ ಹಿಡಿದೇ ಬಿಡುವವರಂತೆ. ಜಗನ್ ಬೀಳುವುದಿಲ್ಲ. ಇನ್ನೊಂದು ಕೊಂಬೆಗೆ ಮೊಣಕೈ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಕರೆಂಟಿನ ವೈರಿನಿಂದ ತೋಳುದ್ದ ದೂರದಲ್ಲಿ ನೀಲಿ ವೈರನ್ನು ಪ್ಲಾಸ್ಟಿಕ್ ದಾರದಿಂದ ಕಟ್ಟುತ್ತಾರೆ.

ನಾವು ಕವನ ಅವರ ಮನೆ ಸೇರುವಾಗ ಏಳು ಬಾರಿಸಿದೆ. ಕವನ ಅಳು ನಿಲ್ಲಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೊನೆಯ ಸಾಲುಗಳನ್ನು ಮತ್ತೆ ತಿದ್ದುತ್ತಿದ್ದಾರೆ. ಜಗನ್ ನೆಲದ ಮೇಲೆ ಕೂತು ವೈರಿನ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳನ್ನು ಬಣ್ಣದ ಸರದಿಯಲ್ಲಿ ಜೋಡಿಸಿ, ಇಕ್ಕಳದಿಂದ ಒತ್ತಿ, ಕಂಪ್ಯೂಟರಿನ ಬೆನ್ನಿಗೆ ಚುಚ್ಚುತ್ತಾರೆ.

ದೀಪ ಹತ್ತುವುದಿಲ್ಲ.

ಹುಚ್ಚಯ್ಯ ಹೊರಗೆ ಹೋಗಿ ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂರುತ್ತಾರೆ. ಜಗನ್ ಕಟ್ಟಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಕಚಕ್ಕನೆ ಕತ್ತರಿಸಿ ಎಸೆಯುತ್ತಾರೆ. "ಕಂದು ಎಳೆ ಒಳೀಕೆ ಕುಂತಿರ್ನಿಲ್ಲ." ಮತ್ತೆ ಸಿಪ್ಪೆ, ಮತ್ತೆ ಎಂಟು ಎಳೆ. ಮತ್ತೆ ಚುಚ್ಚುತ್ತಾರೆ. ದೀಪ ಹತ್ತುತ್ತದೆ, ಆದರೆ ಹಸಿರಲ್ಲ, ಕಿತ್ತಳೆ.

"ಬಂತು. ಆದ್ರೆ ತೆವಳ್ತದೆ. ಬೀದೀಲಿ ಯಾರೋ ಸಿನಿಮಾ ಆಡು ಇಳಿಸ್ತಾ ಅವ್ರೆ" ಎಂದವರೇ ಫೋನಿನಲ್ಲಿ ಚನ್ನಾಜಮ್ಮನವರನ್ನು ಹಿಡಿಯುತ್ತಾರೆ. "ಅವ್ವ, ಕೆಂಪು ಬಟ್ಟೆ ಕಟ್ಟಿ."

ಇದೂ ಈ ಬೀದಿಯದೇ ಕಟ್ಟಲೆ. ಚನ್ನಾಜಮ್ಮನವರ ಗೇಟಿಗೆ ಕೆಂಪು ರವಿಕೆ ಕಣ ಕಟ್ಟಿದ್ದರೆ ಯಾರೂ ನೆಟ್ಟು ಮುಟ್ಟುವಂತಿಲ್ಲ. ಇವತ್ತು ಆ ಅಮ್ಮ ಬಟ್ಟೆ ಕಟ್ಟಿ ಸುಮ್ಮನಾಗಲಿಲ್ಲ. ಬೀದಿಗಿಳಿದು ಮನೆಮನೆಯ ಬಾಗಿಲು ತಟ್ಟುತ್ತ ಬೈದದ್ದು ಓಣಿ ದಾಟಿ ನಮಗೂ ಕೇಳಿಸಿತು. "ನಿಮ್ ಸಿನಿಮಾ ಆಡಿಗೆ ಬೆಂಕಿ ಬೀಳ! ಎಣ್ಮಗ ಅನ್ನ ತಿನ್ನೋದ್ ಬ್ಯಾಡ್ವಾ? ಆರ್ಸ್ರೋ!"

ಪರದೆಯ ಮೇಲೆ ನೀಲಿ ಪಟ್ಟಿ ಒಂದಿಷ್ಟು ಸರಿದು ನಿಲ್ಲುತ್ತದೆ. ಮತ್ತೆ ಸರಿಯುತ್ತದೆ. ಕವನ ತುಟಿ ಕಚ್ಚಿಕೊಂಡಿದ್ದಾರೆ. ಜಗನ್ ಪರದೆ ನೋಡುತ್ತಿಲ್ಲ, ಕಿತ್ತಳೆ ದೀಪದ ಮೇಲಿಟ್ಟ ಕಣ್ಣು ಕೀಳುತ್ತಿಲ್ಲ. ಏಳೂಕಾಲು ಕಳೆದಿದೆ. ಪಟ್ಟಿ ತುಂಬುತ್ತದೆ, ಮಾಯವಾಗುತ್ತದೆ, ಮುಟ್ಟಿತೆಂಬ ಒಂದು ಸಾಲು ಮೂಡುತ್ತದೆ.

"ಹೋಯ್ತು ಜಗಣ್ಣ" ಎನ್ನುತ್ತಾರೆ ಕವನ. ಹೇಳಿ, ಮತ್ತೆ ಅಳುತ್ತಾರೆ. ಜಗನ್ ಮಾತ್ರ ಎದ್ದು ನೀರು ಕೇಳುತ್ತಾರೆ. ಎರಡು ಚೊಂಬು ಕುಡಿದು, ಇನ್ನೊಂದು ಡಬ್ಬಿ ತಂದು ಕವನ ಅವರ ಮನೆಯಲ್ಲಿ ಕೂರಿಸಿ, ಕೇರಿಯ ಉಳಿದ ಮೂರು ಮನೆಗಳ ವೈರನ್ನೂ ಅದಕ್ಕೇ ಸೇರಿಸುತ್ತಾರೆ.

ಚನ್ನಾಜಮ್ಮನವರ ರೊಟ್ಟಿ ತಿಂದು ಜಗಲಿಯಲ್ಲಿ ಕೂತಾಗ ನನ್ನ ಹಳೆಯ ಪ್ರಶ್ನೆಗಳನ್ನು ಮತ್ತೆ ತೆಗೆಯುತ್ತೇನೆ. ನಿಮ್ಮದೇ ಒಂದು ಕಂಪ್ಯೂಟರ್ ಇಲ್ಲವೇ? "ನನ್ಗ್ಯಾಕ್ ಸಾ? ಕುಂತ್ ನೋಡಕ್ಕೆ ಪುರ್ಸೊತ್ತೆಲ್ಲದೆ?" ಹೆಡತಲೆ ಎಂಬ ಊರಿನಿಂದಲೂ ಒಬ್ಬರು ಬಂದು ನಮ್ಮ ಊರಿಗೂ ಹೀಗೇ ಮಾಡಿಕೊಡಿ ಎಂದು ಕೇಳಿದ್ದಾರಂತೆ. ಅಲ್ಲಿ ಬೀಗದ ಕೈ ಯಾರು ಯಾರಿಗೆ ಕೊಡುತ್ತಾರೆ ಎಂದು ಮೊದಲು ವಿಚಾರಿಸಿ ಬನ್ನಿ ಎಂದು ಜಗನ್ ಹೇಳಿ ಕಳಿಸಿದ್ದಾರೆ. ನಗದೇ ಹೇಳುತ್ತಾರೆ ಇದನ್ನು.

ನಡುಮಧ್ಯಾಹ್ನಕ್ಕೆ ಶಿವಮಲ್ಲಪ್ಪನವರು ಬಸ್ಸಿಳಿದು ಬರುತ್ತಾರೆ. ಜೊತೆಗೆ ಮೊಮ್ಮಗಳು ಅರ್ಪಿತ. ನಿಶ್ಚಿತಾರ್ಥದ ತಾಂಬೂಲದ ಚೀಲ ಕೈಯಲ್ಲಿದೆ. ಓಣಿಯ ತಿರುವಿನಲ್ಲಿ ನಿಂತು ಹೊಂಗೆ ಮರ ನೋಡುತ್ತಾರೆ. ಮರದಿಂದ ಕೇರಿಗೆ ಹೋದ ನೀಲಿ ವೈರು ನೋಡುತ್ತಾರೆ. ತಮ್ಮ ಮಾಳಿಗೆಯನ್ನೂ ಒಮ್ಮೆ ನೋಡಿ, ನೇರ ನಮ್ಮ ಜಗಲಿಗೆ ಬರುತ್ತಾರೆ. ಚನ್ನಾಜಮ್ಮ ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧರಾಗುತ್ತಾರೆ.

"ಏನ್ಲಾ ಜಗ, ನಮ್ಮನೆ ಬುಟ್ಟು ಎಳ್ದಿದ್ದೀಯ?"

"ಊ ಸಾ. ಫೋನ್ ಮಾಡ್ದೆ, ನೀವು ಎತ್ನಿಲ್ಲ."

"ನಿಶ್ಚಿತಾರ್ಥದ ಗಲಾಟೇಲಿ ಫೋನ್ ಯಾವನ್ ನೋಡ್ತಾನೆ." ದನಿ ಏರಿದ್ದು ಅಲ್ಲಿಗೇ ಇಳಿಯುತ್ತದೆ. ಮೊಮ್ಮಗಳ ಕಡೆ ಒಮ್ಮೆ ನೋಡಿ, ಜಗನ್ ಅವರನ್ನು ಕೇಳುತ್ತಾರೆ, "ಅಂಗಾದ್ರೆ ನಮ್ದು ಕಟ್ ಮಾಡ್ದಾ?"

ಅಲ್ಲಿಯವರೆಗೆ ಆ ಮನೆಗೆ ಇಂಥ ಪ್ರಶ್ನೆ ಕೇಳುವ ಪ್ರಸಂಗ ಬಂದಿರಲಿಲ್ಲ. ಜಗನ್ ಎದ್ದು ನಿಲ್ಲುತ್ತಾರೆ. "ನಿಮ್ ವೈರ್ ನಾನ್ ಮುಟ್ನಿಲ್ಲ ಸಾ. ಓಗಿ ಮೇನ್ ಆಕ್ಕಳಿ, ಬತ್ತದೆ."

ಅರ್ಪಿತ ಬೀಗದ ಕೈ ಕಿತ್ತುಕೊಂಡು ಓಡುತ್ತಾಳೆ. ಸ್ವಲ್ಪ ಹೊತ್ತಿಗೆ ಮೂಲೆ ಮನೆಯ ಕಿಟಕಿಯಿಂದ, "ತಾತ, ಬಂತು!" ಎಂಬ ಕೂಗು. ಶಿವಮಲ್ಲಪ್ಪನವರು ತಾಂಬೂಲದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ. ಕ್ಷಮೆ ಕೇಳುವ ಅಭ್ಯಾಸವೂ ಅವರಿಗೆ ಇರಲಿಕ್ಕಿಲ್ಲ. ಆದರೂ ಹೊರಡುವ ಮುನ್ನ ತಿರುಗಿ, "ಆಯ್ತು ಬುಡು, ಇನ್ಮೇಲೆ ಊರ್ಗೆ ಓಗೋವಾಗ ನಿಂಗೊಂದ್ ಮಾತು ಏಳ್ಬುಟ್ಟೇ ಓಯ್ತೀನಿ" ಎನ್ನುತ್ತಾರೆ.

ಜಗನ್ ಉಗುರಿನ ಸಂದಿಯ ಹೊಂಗೆ ತೊಗಟೆಯನ್ನು ತೆಗೆಯುತ್ತ, ತಲೆ ಎತ್ತದೆಯೇ ಹೇಳುತ್ತಾರೆ.

"ಏಳೋದೇನ್ ಬ್ಯಾಡಿ ಸಾ. ಇನ್ಮೇಲೆ ನೀವ್ ಬೀಗ ಆಕಂಡ್ ಓದ್ರೆ, ಆರೋದು ನಿಮ್ಮನೆ ದೀಪ ಒಂದೇಯ."