ಆಯಿ ನಿಂತ ಫೋಟೋ

ನಾನು ಚಿಕ್ಕವಳಿದ್ದಾಗ ನಮ್ಮ ಸರಸಂಬಾದಲ್ಲಿ ಯಾರದಾದರೂ ಫೋಟೋ ತೆಗೆಯಬೇಕೆಂದರೆ ಅವರು ಮದುವೆಯಾಗಬೇಕಿತ್ತು, ಇಲ್ಲವೇ ಸಾಯಬೇಕಿತ್ತು. ನಡುವಿನ ಅಷ್ಟೂ ವರ್ಷ ನಮಗೂ ಕ್ಯಾಮೆರಾಕ್ಕೂ ಏನೂ ಸಂಬಂಧವಿರಲಿಲ್ಲ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಫೋಟೋದವರು ಆಳಂದದಿಂದ ಬಸ್ಸಿನಲ್ಲಿ ಬರಬೇಕಿತ್ತು. ಸುಮ್ಮಸುಮ್ಮನೆ ಅವರನ್ನು ಕರೆಸುವಷ್ಟು ಹುಚ್ಚು ಊರಿನಲ್ಲಿ ಯಾರಿಗೂ ಹಿಡಿದಿರಲಿಲ್ಲ.

ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತೇವೆ. ಮಣ್ಣಿಗೆ ಹೋಗುವುದೂ ಕೂತುಕೊಂಡೇ. ಹಾಗೆ ಕೂಡ್ರಿಸಿದ ಮೇಲೆ ಫೋಟೋದವರು ಬಂದು ಒಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಎಷ್ಟೋ ಜನರಿಗೆ ಅದೇ ಮೊದಲನೆಯದು, ಅದೇ ಕೊನೆಯದು.

ನಮ್ಮ ಪಡಸಾಲೆಯಲ್ಲಿದ್ದ ಅಜ್ಜನ ಫೋಟೋ ಕೂಡ ಅಂಥದೇ. ಮುಚ್ಚಿದ ರೆಪ್ಪೆಗಳ ಮೇಲೆ ಸ್ಟುಡಿಯೋದವರು ಕುಂಚದಿಂದ ತೆರೆದ ಕಣ್ಣು ಬರೆದುಕೊಟ್ಟಿದ್ದರು. ಒಂದು ಕಣ್ಣು ಬಾಗಿಲ ಕಡೆಗಿತ್ತು, ಇನ್ನೊಂದು ಅಡುಗೆಮನೆಯ ಕಡೆಗೆ. ಸಂಜೆ ದೀಪ ಹಚ್ಚಿದ ಮೇಲೆ ನಾನಂತೂ ಆ ಗೋಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು, ಮೊಮ್ಮಕ್ಕಳು ನೀವು ಈಗ ನನ್ನನ್ನು ಕರೆಯುವಂತೆಯೇ. ಆಯಿಗೆ ಆ ಫೋಟೋ ಕಂಡರೆ ಸಿಟ್ಟು. "ನಿಮ್ಮಜ್ಜ ನನ್ನ ಜೋಡಿ ಅಷ್ಟು ವರ್ಷ ಬಾಳ್ವಿ ಮಾಡ್ಯಾನ, ಒಂದಿನಾನೂ ಹಿಂಗ ನೋಡಿಲ್ಲ" ಎನ್ನುತ್ತಿದ್ದಳು.

ಒಂದು ದಿನ ಜೋಳದ ರೊಟ್ಟಿ ತಟ್ಟುತ್ತ ಕೂತವಳು ಇದ್ದಕ್ಕಿದ್ದಂತೆ ಅಪ್ಪನಿಗೆ ಹೇಳಿದಳು: "ನಾ ಕಣ್ಣ ತೆರಕೊಂಡಿದ್ದಾಗ ನಂದೊಂದು ಫೋಟೋ ತೆಗಿಸು. ಹುಟ್ಟೋ ಕೂಸು ನಾಳೆ ನನ್ನ ನೋಡಿ ಹೆದರಬಾರದು."

ಹುಟ್ಟುವ ಕೂಸು ಎಂದರೆ ಅತ್ತೆಯದು. ಅತ್ತೆ ಎಂದರೆ ಅಪ್ಪನ ತಂಗಿ, ಆಯಿಯ ಒಬ್ಬಳೇ ಮಗಳು. ಅವಳನ್ನು ಖಜೂರಿಗೆ ಕೊಟ್ಟಿದ್ದರು. ಹಿಂದೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಏಳು ತಿಂಗಳು ತುಂಬಿತ್ತು. ಬಂಡಿಯಲ್ಲಿ ಕುಲುಕಾಡಬಾರದು, ಗಾಬರಿಯಾಗಬಾರದು, ಅತ್ತು ಕರೆದು ಮಾಡಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಮನೆಯಲ್ಲಿ ಅತ್ತೆಯ ಹೆಸರು ಬಂದರೆ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದ ದಿನಗಳವು.

ತೊಗರಿ ರಾಶಿಯ ಕಾಲ. ಬೆಳಗಿನ ಚಳಿಯಲ್ಲಿ ಊರಿಗೆ ಊರೇ ತೊಗರಿ ಹೊಟ್ಟಿನ ವಾಸನೆ ಬಡಿಯುತ್ತಿತ್ತು. ಅಪ್ಪ ಆಳಂದಕ್ಕೆ ಹೋಗಿ ಹೇಳಿ ಬಂದಿದ್ದರಿಂದ ಫೋಟೋದವರು ಬೆಳಗಿನ ಬಸ್ಸಿಗೇ ಬರುವವರಿದ್ದರು. ಆಯಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ಸೀರೆಯಿಂದ ಬಂದ ಡಾಂಬರು ಗುಳಿಗೆಯ ವಾಸನೆಗೆ ನನಗೆ ಸೀನು. ಅಕ್ಕ ಅವಳ ಮುಖಕ್ಕೆ ಪೌಡರು ಹಚ್ಚಿದಳು. ಆಯಿ "ಥೂ, ನಾ ಏನು ಮದಿಮಗಳೇನು?" ಎಂದು ಸೆರಗಿನಿಂದ ಒರೆಸಿಕೊಂಡಳು. ಅಕ್ಕ ಆಚೆ ಹೋದಮೇಲೆ ತಾನೇ ಕನ್ನಡಿ ನೋಡಿಕೊಂಡು ಮತ್ತೆ ಹಚ್ಚಿಕೊಂಡಳು. ನಾನು ಕಂಡೂ ಕಾಣದಂತೆ ಇದ್ದೆ.

ಫೋಟೋದವರು ತೆಳ್ಳಗಿನ ಮನುಷ್ಯ, ತಲೆಗೊಂದು ಕರಿ ಟೋಪಿ. ಬಂದವರೇ ಅಂಗಳದಲ್ಲಿ ನಿಂತು, "ಕುರ್ಚಿ ಗೋಡಿಗೆ ಹಚ್ಚಿ ಇಡ್ರಿ. ವಿಭೂತಿ ಎಲ್ಲಿ ಅದ?" ಎಂದರು. ಚೀಲದಿಂದ ಚೆಂಡು ಹೂವಿನ ಮಾಲೆಯನ್ನೂ ಹೊರತೆಗೆದರು. ಪಾಪ, ಅವರ ತಪ್ಪಲ್ಲ. ಹಳ್ಳಿಗೆ ಹೊರಟರೆ ಮಾಲೆ ತರುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಅಪ್ಪನ ಮುಖ ಕೆಂಪಾಯಿತು. ಆಯಿ ಮಾತ್ರ, "ಇರಲಿ ಹಾಕು. ಸತ್ತ ಮ್ಯಾಲ ಹೂವಿನ ವಾಸನಿ ನನಗೆಲ್ಲಿ ಬರ್ತದ?" ಎಂದು ಕೊರಳು ಮುಂದೆ ಮಾಡಿದಳು, ವಿಭೂತಿಯನ್ನೂ ಹಣೆತುಂಬ ಬಳಿದುಕೊಂಡಳು.

ಅವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ನನ್ನನ್ನು ಎತ್ತಿ ಅದರೊಳಗೆ ಇಣುಕಲು ಬಿಟ್ಟರು. ಮೇಲೊಂದು ಚಿಕ್ಕ ಗಾಜು. ಅದರಲ್ಲಿ ನಮ್ಮ ಅಂಗಳ, ಸಗಣಿ ಕುಳ್ಳು ಬಡಿದ ಗೋಡೆ, ಕಾಳು ಹೆಕ್ಕುತ್ತಿದ್ದ ಕೋಳಿ, ನಡುವೆ ಗೇಣುದ್ದವೂ ಇಲ್ಲದ ಆಯಿ! ಕೋಳಿ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತಿತ್ತು. ದಿನಾ ನೋಡಿ ಬೇಸರವಾಗಿದ್ದ ಅದೇ ಗೋಡೆ ಅಲ್ಲಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ ನನಗೆ ಕೆಳಗಿಳಿಯಲು ಮನಸ್ಸಿರಲಿಲ್ಲ. ಅಕ್ಕ ನನ್ನ ಲಂಗ ಹಿಡಿದು ಎಳೆದಳು.

ಆಯಿ ರೆಪ್ಪೆ ಬಡಿಯದೆ ಕಣ್ಣಗಲಿಸಿಕೊಂಡು ಕೂತಿದ್ದಳು. ಫೋಟೋದವರು "ಅಲುಗಾಡಬ್ಯಾಡ್ರಿ" ಎಂದದ್ದಷ್ಟೇ, ಎದುರು ಮನೆಯ ಕಾಕಿ ಎದೆ ಬಡಿದುಕೊಳ್ಳುತ್ತ ಒಳಗೆ ಬಂದಳು.

"ಹೋದ್ಯಾ ನನ್ನವ್ವಾ! ನಿನ್ನೆ ಉಪ್ಪಿನಕಾಯಿ ಕೊಟ್ಟ ಕೈ..."

"ಯಾಕ ಬೇ, ಯಾರು ಹೋದ್ರು?" ಎಂದಳು ಆಯಿ, ತುಟಿ ಮಾತ್ರ ಅಲುಗಿಸಿ.

ಕಾಕಿ ಚಿಟ್ಟನೆ ಚೀರಿ ತೊಗರಿ ಚೀಲಗಳ ಮೇಲೆ ಬಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನೀರು ತಂದುಕೊಟ್ಟಳು. ಕಾಕಿ ನೀರು ಕುಡಿದು ಉಸಿರು ತಿರುಗಿದ ಮೇಲೆ ಹೇಳಿದ ಮಾತಿಗೆ ನಮ್ಮ ನಗೆ ಅಲ್ಲೇ ನಿಂತಿತು.

ಫೋಟೋದವರು ಬಸ್ಸಿಳಿದು ಚಹಾದ ಹೋಟೆಲಿನಲ್ಲಿ ನಮ್ಮ ಮನೆ ಕೇಳಿದ್ದರು. ಆಯಿಯ ಫೋಟೋ ತೆಗೆಯಲು ಬಂದೇನಿ ಎಂದಿದ್ದರು. ಇನ್ನೇನು ಬೇಕು? ಊರು ತನಗೆ ತಿಳಿದಂತೆ ತಿಳಿದುಕೊಂಡಿತ್ತು. ತೊಗರಿ ತುಂಬಿಕೊಂಡು ಹೊರಟಿದ್ದ ಲಾರಿಯ ಡ್ರೈವರ್ ಕೂಡ ಅಲ್ಲೇ ಚಹಾ ಕುಡಿಯುತ್ತಿದ್ದನಂತೆ.

"ಆಂವ ಖಜೂರಿಯಾಂವ ನೋಡ್ರಿ" ಎಂದಳು ಕಾಕಿ. "ಅವರ ಮಗಳು ನಮ್ಮ ಓಣಿಯಾಕಿನೇ ಅದಾಳ, ನಾನೇ ಸೀದಾ ಹೋಗಿ ಖಬರ್ ಮುಟ್ಟಸ್ತೇನಿ ಅಂತ ಹೋಗ್ಯಾನ. ಆಗಲೇ ಹೋಗ್ಯಾನ."

ಅಪ್ಪ ಗೋಡೆಗೆ ಆನಿಸಿದ್ದ ಸೈಕಲ್ ತೆಗೆದುಕೊಂಡು, ಚಪ್ಪಲಿ ಕೂಡ ಮೆಟ್ಟದೆ, ಹೊಲದ ಅಡ್ಡದಾರಿ ಹಿಡಿದು ಹೊರಟುಹೋದರು. ಲಾರಿಗಿಂತ ಮೊದಲು ಮುಟ್ಟಲು ಸಾಧ್ಯವಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಮ್ಮ ಊರಿನಲ್ಲಿ ಆಗ ಫೋನು ಇರಲಿಲ್ಲ. ಹೋದ ಸುದ್ದಿಯನ್ನು ಹಿಂದಕ್ಕೆ ಕರೆಯುವ ದಾರಿ ಯಾವುದೂ ಇರಲಿಲ್ಲ.

ಆಯಿ ಮಾಲೆ ಕಿತ್ತು ಕುರ್ಚಿಯ ಮೇಲೆ ಎಸೆದಳು. ಹಣೆಯ ವಿಭೂತಿಯನ್ನು ಒದ್ದೆ ಸೆರಗಿನಿಂದ ತಿಕ್ಕಿ ಸಣ್ಣದು ಮಾಡಿಕೊಂಡಳು. ಬಾಗಿಲ ಕಡೆ ನಡೆದವಳನ್ನು ಅವ್ವ ತಡೆದು, "ಎಲ್ಲಿಗ್ರಿ ಯವ್ವಾ? ಇಲ್ಲೇ ಕೂಡ್ರಿ, ಅವರು ಕರಕೊಂಡು ಬರ್ತಾರ" ಎಂದಳು.

"ಕುಂತೇನಂದ್ರ ಆಕಿ ಎದಿ ಒಡಿತದ" ಎಂದಳು ಆಯಿ. "ಸತ್ತವರನ್ನ ಕೂಡಸ್ತಾರ. ಯಾರನ್ನಾರ ನಿಂದರಸ್ತಾರೇನು? ಆಕಿ ದೂರಿಂದ ಬರ್ತಿರಬೇಕಾದ್ರನ ನಾ ನಿಂತದ್ದು ಕಾಣಬೇಕು."

ಊರ ಹೊರಗೆ ಖಜೂರಿಯ ದಾರಿ ತಿರುಗುವಲ್ಲಿ ಒಂದು ಹುಣಸೆ ಮರವಿತ್ತು. ಆಯಿ ಆ ಮರದ ನೆರಳನ್ನು ಬಿಟ್ಟು, ದಾರಿಯ ನಟ್ಟನಡುವೆ ಬಿಸಿಲಲ್ಲಿ ನಿಂತಳು. ನೆರಳಲ್ಲಿದ್ದರೆ ಮಗಳಿಗೆ ಕಾಣುವುದಿಲ್ಲವಂತೆ. ನಾನೂ ಅಕ್ಕನೂ ಅವಳ ಹಿಂದೆ. ಮಧ್ಯಾಹ್ನವಾಯಿತು. ಯಾರೋ ಹೊರಸು ತಂದಿಟ್ಟರು, ಕೂಡಲಿಲ್ಲ. ಫೋಟೋದವರು ಊರಿಗೆ ಹೋಗುವ ಬಸ್ಸು ಬಿಟ್ಟು ಅಲ್ಲಿಗೇ ಬಂದಿದ್ದರು. ಕೊಡೆ ಬಿಚ್ಚಿ ಹಿಡಿಯಲು ಹೋದರೆ ಅವರ ಕೈ ತಳ್ಳಿದಳು. ಮುಖ ಮರೆಯಾಗಬಾರದಲ್ಲ.

"ಒಂದು ಫೋಟೋ ತೆಗಿತೇನ್ರಿ ಆಯಿ, ಮನಸ್ಸಿಗೆ ಸಮಾಧಾನ..." ಎಂದು ಅವರು ಶುರು ಮಾಡಿದರು.

"ಮಗಳು ಬರೂತನಕ ನನಗ ಯಾವ ಫೋಟೋನೂ ಬ್ಯಾಡ. ಸುಮ್ನಿರು."

ಅವರು ಆಯಿಗೆ ಎದುರಾಗಿ ದಾರಿಯ ಬದಿಗೆ ಸ್ಟ್ಯಾಂಡು ಊರಿ ಕ್ಯಾಮೆರಾ ಇಟ್ಟುಕೊಂಡು ದಾರಿ ನೋಡುತ್ತ ಕೂತರು.

ದೂರದಲ್ಲಿ ಧೂಳೆದ್ದಿತು. ಆಯಿ ಎರಡು ಹೆಜ್ಜೆ ಮುಂದೆ ಹೋದಳು. ಹತ್ತಿರ ಬಂದದ್ದು ಕುರಿಹಿಂಡು. ಮತ್ತೆ ಧೂಳು, ಈ ಸಲ ಹೊಟ್ಟು ಹೇರಿದ ಬಂಡಿ. ಅದರ ನಂತರ ಬಹಳ ಹೊತ್ತು ಯಾರೂ ಬರಲಿಲ್ಲ. ಆಯಿಯ ಮೊಣಕಾಲು ನಡುಗುವುದು ಸೀರೆಯ ಮೇಲಿಂದಲೇ ಕಾಣುತ್ತಿತ್ತು. ನಾನು ಅವಳ ಹಿಂದೆ ಹೋಗಿ ಎರಡೂ ಕೈಯಿಂದ ಅವಳ ಸೊಂಟಕ್ಕೆ ಆಸರೆ ಕೊಟ್ಟೆ. ಅಷ್ಟು ಸಣ್ಣವಳ ಬಲ ಎಷ್ಟೆಂದು ನೀವು ಕೇಳಬಹುದು. ನನಗೆ ಆಗ ನಾನು ಕೈ ತೆಗೆದರೆ ಆಯಿ ಬೀಳುತ್ತಾಳೆಂದೇ ಅನ್ನಿಸಿತ್ತು.

"ಯಾಕ ಬರವಲ್ರು?" ಎಂದು ಅಕ್ಕ ಅಳತೊಡಗಿದಳು. ಅಪ್ಪ ಹೋಗಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಸುದ್ದಿ ಕೇಳಿ ಅಲ್ಲೇ ಕುಸಿದಿದ್ದರೆ? ಬಾಯಿ ಬಿಟ್ಟು ಹೇಳದಿದ್ದರೂ ಅಲ್ಲಿದ್ದ ಎಲ್ಲರ ತಲೆಯಲ್ಲೂ ಅದೇ ಇತ್ತು.

ಬಿಸಿಲು ಇಳಿಯತೊಡಗಿದಾಗ ಲಾರಿ ಕಂಡಿತು. ಬಂಡಿಯಷ್ಟು ನಿಧಾನಕ್ಕೆ, ಒಂದೊಂದು ತಗ್ಗನ್ನೂ ತಪ್ಪಿಸಿಕೊಂಡು ಬರುತ್ತಿತ್ತು. ಅದೇ ಡ್ರೈವರ್. ಅವನ ಪಕ್ಕದಲ್ಲಿ ಅತ್ತೆ, ಅವಳನ್ನು ಹಿಡಿದುಕೊಂಡು ಅವಳ ಗಂಡ, ನಮ್ಮ ಮಾಮಾ. ಅತ್ತೆ ತಲೆಯನ್ನು ಮುಂದಿನ ಹಲಗೆಗೆ ಒತ್ತಿ ಕೂತಿದ್ದಳು. ದಾರಿಯ ಕಡೆ ನೋಡುತ್ತಲೇ ಇರಲಿಲ್ಲ.

ಆಯಿ ತಲೆಯ ಮೇಲಿನ ಸೆರಗು ಜಾರಿದರೂ ಲಕ್ಷ್ಯ ಕೊಡದೆ ಕೈ ಮೇಲೆತ್ತಿ ಕೂಗಿದಳು. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

"ನಿಂತೇನಿ ಬೇ! ಇಲ್ಲಿ ನೋಡು! ನಿಂತೇನಿ!"

ಅತ್ತೆ ತಲೆಯೆತ್ತಿದಳು. ಆಗಲೇ ದಾರಿಯ ಬದಿಯಲ್ಲಿ ಕ್ಯಾಮೆರಾ ಟಿಕ್ಕೆಂದಿತು.

ಲಾರಿ ನಿಂತಿತು. ಮಾಮಾ ಹಿಡಿದು ಇಳಿಸಿದರೆ ಅತ್ತೆ ಆಯಿಯ ಮುಂದೆ ಬಂದು ನಿಂತಳು. ಮುಷ್ಟಿ ಕಟ್ಟಿ ಆಯಿಯ ಹೆಗಲಿಗೆ ಗುದ್ದತೊಡಗಿದಳು. "ಸಾಯಲಿಲ್ಲಂದ್ರ ಯಾಕ ಫೋಟೋ ತೆಗಸ್ಕೊಂಡಿ? ಹೇಳು, ಯಾಕ ತೆಗಸ್ಕೊಂಡಿ?" ಆಯಿ ಗುದ್ದಿಸಿಕೊಂಡಳು. ನಕ್ಕಳೋ ಅತ್ತಳೋ, ಎರಡೂ ಕೂಡಿಯೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಬಂದಮೇಲೆ ಅತ್ತೆ ಮೆಲ್ಲಗೆ ಹೇಳಿದಳು: "ಯವ್ವಾ, ಖಬರ್ ಕೇಳಿದಾಗಿಂದ ಕೂಸು ಮಿಸುಕಿಲ್ಲ." ಅವಳನ್ನು ಎಡಗಡೆಗೆ ಮಲಗಿಸಿದರು. ಅವ್ವ ಬೆಲ್ಲದ ನೀರು ಕುಡಿಸಿದಳು. ಡ್ರೈವರ್, "ದವಾಖಾನಿಗೆ ಒಯ್ಯೋದಿದ್ರ ಗಾಡಿ ಇಲ್ಲೇ ಅದರಿ" ಎಂದು ಲಾರಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. ಆಯಿ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಖಜೂರಿಯಲ್ಲಿ ಅವರು ಸಿಗದೆ ಹೊಲದ ದಾರಿಯಿಂದ ಹಿಂದಿರುಗಿದ ಅಪ್ಪ ಬೆವರು ಸುರಿಸುತ್ತ ಹೊಸ್ತಿಲಲ್ಲೇ ನಿಂತರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಆಯಿ ಕಣ್ಣು ತೆರೆದಳು. "ಒದ್ದ ನೋಡು ಭಾಡ್ಯಾ!" ಎಂದಳು.

ಅವತ್ತಿನಷ್ಟು ರುಚಿಯಾದ ರೊಟ್ಟಿ ಬೇಳೆ ನಾನು ಮತ್ತೆಲ್ಲೂ ಉಂಡಿಲ್ಲ. ಡ್ರೈವರ್ ಉಂಡ, ಫೋಟೋದವರು ಉಂಡರು, ಕಾಕಿ ಉಪ್ಪಿನಕಾಯಿ ತಂದಳು. ಅತ್ತೆಯನ್ನು ಮತ್ತೆ ಖಜೂರಿಗೆ ಕಳಿಸಲೇ ಇಲ್ಲ, ನಮ್ಮ ಮನೆಯಲ್ಲೇ ಹೆತ್ತಳು. ಆ ಕೂಸೇ ಹಬ್ಬಕ್ಕೆ ಬಂದಾಗಲೆಲ್ಲ ನಿಮ್ಮ ಗಲ್ಲ ಹಿಂಡಿ ಅಳಿಸುವ ಖಜೂರಿ ಅಜ್ಜ.

ಕೆಲವು ದಿನಗಳ ಮೇಲೆ ಅಪ್ಪ ಆಳಂದದಿಂದ ಫೋಟೋ ತಂದರು. ಬಿಸಿಲಿಗೆ ಆಯಿಯ ಕಣ್ಣು ಪೂರಾ ಕಿರಿದಾಗಿ, ಇದೆಯೋ ಇಲ್ಲವೋ ಎನ್ನುವಂತಿತ್ತು. ಸೆರಗು ಜಾರಿ, ಬಾಯಿ ಇಷ್ಟಗಲ ತೆರೆದಿತ್ತು. ಅವಳ ಸೊಂಟದ ಎರಡೂ ಬದಿಗೆ ಹಿಂದಿನಿಂದ ಬಂದ ಯಾರದೋ ಎರಡು ಪುಟ್ಟ ಕೈಗಳು. ಅಪ್ಪ ಪೇಚಾಡಿಕೊಂಡರು, "ಕಣ್ಣೇ ಕಾಣವಲ್ದು ಯವ್ವಾ, ಮತ್ತೊಂದು ತೆಗಿಸೂಣು." ಆಯಿ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. "ಬಾಯಿ ನೋಡು. ಸತ್ತವರು ಹಿಂಗ ಒದರತಾರೇನು? ಇದೇ ಇರಲಿ."

ಈಗ ನಿಮ್ಮ ಕೈಯಲ್ಲಿ ಹೊತ್ತು ಮೂಡಿದರೆ ಫೋಟೋ. ತಟ್ಟೆಯಲ್ಲಿನ ದೋಸೆಯದು, ಬೆಕ್ಕಿನದು, ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿರುವುದು. ನಿಮ್ಮವ್ವ ಬೈಯುತ್ತಾಳೆ, ನಾನು ಬೈಯುವುದಿಲ್ಲ. ಬೆಕ್ಕಿನ ಫೋಟೋ ತೆಗೆಯಲು ಬೆಕ್ಕು ಸಾಯಬೇಕಾಗಿಲ್ಲದ ಕಾಲ ಎಷ್ಟು ಚೆಂದದ ಕಾಲ! ಸೊಲ್ಲಾಪುರದಲ್ಲಿರುವ ನಿಮಗೆ ಇಲ್ಲಿನ ಸುದ್ದಿ ಮುಟ್ಟಲು ಲಾರಿಯೂ ಬೇಡ, ಡ್ರೈವರನೂ ಬೇಡ.

ಮೊನ್ನೆ ನನ್ನ ಮೊಣಕಾಲಿನ ಆಪರೇಷನ್ ಆದಾಗ ನೀವು, "ಆಯಿ, ಹ್ಯಾಂಗಿದ್ದಿ? ಒಂದು ಫೋಟೋ ಕಳಿಸು" ಎಂದು ಕೇಳಿದಿರಿ. ನರ್ಸಮ್ಮ ದಿಂಬು ಜೋಡಿಸಿ, ಗೋಡೆಗೆ ಒರಗಿಸಿ ನನ್ನನ್ನು ಚೆಂದಾಗಿ ಕೂಡ್ರಿಸಿದಳು. ನಾನು ಒಲ್ಲೆನೆಂದೆ. ಅವಳು ಬೈಯುತ್ತಿದ್ದರೂ ಮಂಚದ ಕಟ್ಟು ಹಿಡಿದುಕೊಂಡು ಎದ್ದುನಿಂತೆ. ಫೋಟೋ ಮುಟ್ಟಿದಮೇಲೆ ನೀವು, "ಆಯಿ ಯಾಕೆ ಇಷ್ಟು ಮೋರೆ ಗಂಟು ಹಾಕಿದ್ದಾಳೆ?" ಎಂದು ನಕ್ಕಿರಂತೆ. ನಗಿರಿ. ಕಾಲು ಜೀವ ಹೋಗುವಷ್ಟು ನೋಯುತ್ತಿತ್ತು ಮಕ್ಕಳೇ, ಆದರೆ ನೀವು ದೂರದಲ್ಲಿದ್ದಿರಿ.