ದಾರಿಗೆ ಅಡ್ಡ ಇಟ್ಟ ಸಸಿಕಟ್ಟು

ನನಗೆ ಸಿಕ್ಕ ಚಿಹ್ನೆ ಪ್ರೆಶರ್ ಕುಕ್ಕರ್. ಸಿರುಗುಪ್ಪದ ಚುನಾವಣಾ ಕಚೇರಿಯಿಂದ ಹೊರಬಂದು ಹೇಳಿದ್ದೇ ತಡ, ಮಗಳು ಬಿದ್ದು ಬಿದ್ದು ನಕ್ಕಳು. "ಯವ್ವಾ, ನಿನ್ನ ಸಿಟ್ಟು ಕಂಡವರು ಯಾರೋ ಆರಿಸ್ಯಾರ ನೋಡು!" ಗ್ರಾಮ ಪಂಚಾಯಿತಿಗೆ ನಿಂತವಳು ನಾನಾದರೂ ಹುರುಪು ಅವಳಿಗೇ ಹೆಚ್ಚು. ಅವಳಿಗೆ ಹದಿನೆಂಟು ತುಂಬಿತ್ತು, ಮೊದಲ ಓಟು. ನನಗೆ ಮೂವತ್ತನಾಲ್ಕು. ಲೆಕ್ಕ ನೀವೇ ಹಾಕಿಕೊಳ್ಳಿ, ಊರವರು ಆಗಲೇ ಹಾಕಿ ಮುಗಿಸಿದ್ದರು.

ಕರಪತ್ರ ಮಾಡಿಸಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋದೆವು. ಅಚ್ಚಿನ ಅಂಗಡಿಯವನು ನನ್ನ ಫೋಟೋವನ್ನು ಮೂಲೆಗೆ ತಳ್ಳಿ, "ಯಜಮಾನ್ರದು ದೊಡ್ಡ ಫೋಟೋ ಕೊಡ್ರಿ" ಎಂದ. ಮೈಯೆಲ್ಲ ಉರಿದುಹೋಯಿತು. "ನಿಂತಾಕಿ ನಾನ್ರಿ!" ಎಂದೆ. ನನ್ನ ಗಂಡ ಭತ್ತ ಕೊಯ್ಯುವ ಯಂತ್ರ ಓಡಿಸುತ್ತ ಆಂಧ್ರದ ಕಡೆ ಇದ್ದ. ಫೋನಿನಲ್ಲಿ ಕೇಳಿದರೆ, "ನನ್ನ ಮಾರಿ ನೋಡಿದ್ರ ಬರೋ ಓಟೂ ಓಡಿ ಹೋಗ್ತಾವ, ಬ್ಯಾಡ" ಎಂದ. ಅಂಥ ಒಳ್ಳೆಯ ಮನುಷ್ಯ.

ನಾನು ನಿಂತದ್ದು ಒಂದು ಬೀಗಕ್ಕಾಗಿ. ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿ, ನೀರಿನ ಪೈಪು ಹಾಕದೆ, ಒಳಗೆ ಮುರಿದ ಬೆಂಚು ತುಂಬಿ ಬೀಗ ಜಡಿದಿದ್ದರು. ಕುರುಗೋಡಿನ ಬಳಿಯ ನನ್ನ ತವರೂರಿನ ಶಾಲೆಯಲ್ಲಿ ಆ ಬೀಗ ಹಾಕಲಿಕ್ಕೂ ಒಂದು ಬಾಗಿಲಿರಲಿಲ್ಲ. ಮೈನೆರೆದ ಮೇಲೆ ನನ್ನನ್ನು ಒಂಬತ್ತನೇ ತರಗತಿಯಿಂದ ಬಿಡಿಸಿದರು. ಮನೆಯಲ್ಲಿ ಕೂತ ಹುಡುಗಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದೆಂದು ಮದುವೆ ಮಾಡಿದರು. ಹದಿನಾರಕ್ಕೆ ಮಡಿಲಲ್ಲಿ ಕೂಸು. ಯಾರೂ ಕೆಟ್ಟವರಲ್ಲ, ಆದರೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರಚಾರಕ್ಕೆಂದು ನಾಟಿ ಗದ್ದೆಗಳಿಗೆ ಹೋದೆವು. ಹಗಲಲ್ಲಿ ಹೆಂಗಸರೆಲ್ಲ ಇರುವುದು ಅಲ್ಲೇ. ನಮ್ಮ ಕಡೆ ಬದುವಿನ ಮೇಲೆ ಯಾರಾದರೂ ಬಂದರೆ ನಾಟಿಯ ಹೆಂಗಸರು ಅವರ ಕಾಲ ಮುಂದೆ ಸಸಿಕಟ್ಟನ್ನು ಅಡ್ಡ ಇಡುತ್ತಾರೆ. ಖುಷಿಯೆಂದು ಏನಾದರೂ ಕೊಡದೆ ಅದನ್ನು ದಾಟುವಂತಿಲ್ಲ. ಗುಂಪಿನ ಮುಖ್ಯಸ್ಥೆ, ಬಾಯಿ ಜೋರಿನ ಮುದುಕಿ, ನಗುತ್ತಲೇ ಕಟ್ಟನ್ನು ಇಟ್ಟಳು. ನಾನೂ ಹತ್ತು ವರ್ಷ ನಾಟಿ ಹಚ್ಚಿದವಳು. ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿ ನೋಟು ಹಿಡಿಯಿತು.

ಮಗಳು ಗಬಕ್ಕನೆ ಮುಂಗೈ ಹಿಡಿದಳು. "ಯವ್ವಾ, ಕೊಟ್ರ ಲಂಚ ಆಕ್ಕೈತಿ! ಆ ಕಡಿ ನೋಡು!" ಆಚೆ ಬದುವಿನಲ್ಲಿ ಎದುರಾಳಿ ಕಡೆಯವನೊಬ್ಬ ಮೊಬೈಲ್ ಎತ್ತಿ ನಿಂತಿದ್ದ. ನೋಟನ್ನು ಮತ್ತೆ ಚೀಲಕ್ಕೇ ತುರುಕಿದೆ. ಇನ್ನೊಂದು ಕ್ಷಣ ತಡವಾಗಿದ್ದರೆ ಕುಕ್ಕರ್ ಅಲ್ಲೇ ಸಿಡಿಯುತ್ತಿತ್ತು.

"ರೊಕ್ಕ ಇಲ್ಲಂದ್ರ ಖರೇ ಮಾತು ಕೊಡು," ಎಂದಳು ಮುದುಕಿ. "ಹದಿನಾರಕ್ಕ ಹಡದಾಕಿ, ಸಾಲಿ ಕಲಿಲಾರದಾಕಿ, ಪಂಚಾಯ್ತಿಗೆ ಹೋಗಿ ಏನ್ ಮಾಡಾಕಿ ಅಂತ ಆ ಕಡಿಯವ್ರು ಕೇಳಾಕತ್ಯಾರ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಆ ಕೂಸು ನಾನ ಅದೀನಿ, ಆಯಿ. ಆಕಿನ ನನ್ನ ಕಾಲೇಜಿಗೆ ಕಳಿಸ್ಯಾಳ, ನೋಡ್ಕೋರಿ."

ಎಷ್ಟು ಖುಷಿಯಾಯಿತೆಂದರೆ, ಇಸ್ತ್ರಿ ಮಾಡಿದ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಸಸಿಕಟ್ಟು ಬಿಚ್ಚಿ ಸಾಲು ಹಿಡಿದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ನನ್ನ ಪಕ್ಕದ ಸಾಲಿನಲ್ಲಿ ಮುದುಕಿಯ ಮೊಮ್ಮಗಳಿದ್ದಳು, ಹದಿನಾಲ್ಕರ ಹುಡುಗಿ. ಸಾಲಿ ಯಾಕೆ ಬಿಟ್ಟೆ ಎಂದರೆ ತಲೆ ತಗ್ಗಿಸಿದಳು. ಮುದುಕಿಯೇ ಹೇಳಿದಳು: "ದೊಡ್ಡಾಕಿ ಆಗ್ಯಾಳ. ಅಲ್ಲಿ ಬೀಗ ಹಾಕ್ಯಾರ. ಈ ವರ್ಷ ಗಂಡು ನೋಡತೀವಿ."

"ಆ ಬೀಗ ತೆಗಸ್ತೀನಿ," ಎಂದೆ. "ಗೆಲ್ಲಿಸ್ರಿ. ಅಲ್ಲೀತನಕ ಗಂಡು ನೋಡಬ್ಯಾಡ್ರಿ." ಮುದುಕಿ ನಾನು ಹಚ್ಚಿದ ಸಸಿಯೊಂದನ್ನು ಗಟ್ಟಿ ಕೂತಿದೆಯೇ ಎಂದು ಎಳೆದು ನೋಡಿ, ಮುಂದಿನ ಸಾಲಿಗೆ ಹೋದಳು.

ಗೆದ್ದೆ! ಸಿರುಗುಪ್ಪದ ಎಣಿಕೆ ಕೇಂದ್ರದ ಹೊರಗೆ ಮಗಳು ಬಾಯಲ್ಲೇ ಕುಕ್ಕರ್ ಸೀಟಿ ಹೊಡೆಯುತ್ತ ಕುಣಿದಳು. ಆಮೇಲೆ ಪೈಪಿಗಾಗಿ ನಾನು ಹಾಕಿದ ಜಗಳವನ್ನು ಬರೆಯಲು ಹೋದರೆ ನಾಲ್ಕು ಪುಟ ಬೇಕು. ನೀರು ಬರುವ ತನಕ, ಮುದುಕಿಯ ಮೊಮ್ಮಗಳಿಗೆ ಗಂಡು ಗೊತ್ತಾಯಿತೋ ಎಂದು ಕೇಳಲು ಧೈರ್ಯವಾಗಲಿಲ್ಲ.

ಕಾಲುವೆಗೆ ನೀರು ಬಿಟ್ಟು ಮತ್ತೆ ನಾಟಿ ಶುರುವಾದಾಗ, ಶಾಲೆ ತೆರೆದು ಹೆಚ್ಚು ದಿನವಾಗಿರಲಿಲ್ಲ. ಶೌಚಾಲಯದ ನಲ್ಲಿಯಲ್ಲಿ ನೀರು ಬಂದದ್ದನ್ನು ಕಣ್ಣಾರೆ ಕಂಡು, ನೇರ ಅದೇ ಗದ್ದೆಗೆ ಓಡಿದೆ. ಮೊಮ್ಮಗಳು ಕೆಸರಿನಲ್ಲೇ ಇದ್ದಳು, ಕೊರಳಲ್ಲಿ ತಾಳಿ ಇರಲಿಲ್ಲ. ಮುದುಕಿ ಸಸಿಕಟ್ಟು ತಂದು ನನ್ನ ಕಾಲ ಮುಂದೆ ಇಟ್ಟಳು. ನಾನು ಅವಳ ಅಂಗೈಯಲ್ಲಿ ಆ ಹಳೆಯ ಬೀಗವನ್ನು ಇಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಸಾಲಿನ ಕಡೆ ತಿರುಗಿ ಕೂಗಿದಳು:

"ಲೇ, ನಾಳಿಂದ ಒಂದು ಆಳು ಕಡಿಮಿ ಐತಿ. ಜೋರು ಹಚ್ರಿ!"